ಪೊರಕೆ ಕೆಳಗಿಟ್ಟ ಪ್ರೇಕ್ಷಕರು

1

ರಾಮಾನಂದ ಸಾಗರರ ‘ರಾಮಾಯಣ’ ಧಾರಾವಾಹಿಯ ಕೊನೆಯ ಕಂತು ದೂರದರ್ಶನದಲ್ಲಿ ಬಂದದ್ದು 1988ರ ಜುಲೈ 31ರ ಭಾನುವಾರ. ನಾನಿನ್ನೂ ಹುಟ್ಟಿರಲಿಲ್ಲ. ಆ ಭಾನುವಾರದ ಬಗ್ಗೆ ನನಗೆ ಗೊತ್ತಿರುವುದೆಲ್ಲ ಅಪ್ಪ ಹೇಳಿದ್ದು. ಅವನಿಗಾಗ ಹದಿನೇಳು ವರ್ಷ. ತುಮಕೂರು ಸೀಮೆಯ ನಮ್ಮೂರಿನಲ್ಲಿ ಟೀವಿ ಇದ್ದದ್ದು ಒಂದೇ, ದೊಡ್ಡಮನೆಯಲ್ಲಿ. ಬಾಗಿಲಿಗೆ ಎದುರಾಗಿ ಟೀವಿ, ಅದರ ಮುಂದೆ ಚಾಪೆ ಮೇಲೆ ಮನೆಯವರು ಮತ್ತು ನೆಂಟರು, ಜಗಲಿ ಮೇಲೆ ಊರಿನವರು, ಅಂಗಳದಾಚೆ ಹೊಂಗೆ ಮರದ ಬುಡದಲ್ಲಿ ನಮ್ಮ ಹಟ್ಟಿಯವರು. ಅಷ್ಟು ದೂರದಿಂದ ರಾಮನ ಮುಖ ಕಾಣುತ್ತಿರಲಿಲ್ಲವಂತೆ, ಕಿರೀಟ ಮಾತ್ರ ಕಾಣುತ್ತಿತ್ತಂತೆ. ಹಿಂದಿ ಯಾರಿಗೂ ಬರುತ್ತಿರಲಿಲ್ಲ. ಅದೇನೂ ಅಡ್ಡಿಯಾಗಲಿಲ್ಲ, ಕಥೆ ಎಲ್ಲರಿಗೂ ಮೊದಲೇ ಗೊತ್ತಿತ್ತು.

ಪಟ್ಟಾಭಿಷೇಕ ಆದ ಕೂಡಲೆ ದೊಡ್ಡಮನೆಯ ಅಮ್ಮನವರು ಟೀವಿಗೆ ಆರತಿ ಎತ್ತಿ, ಕಾಯಿ ಒಡೆದು, ಎಲ್ಲರಿಗೂ ಪಾನಕ ಕೊಡಿಸಿದರು. ಒಳಗಿನವರಿಗೆ ಲೋಟದಲ್ಲಿ, ಅಂಗಳದಾಚೆಯವರಿಗೆ ಬೊಗಸೆಗೆ, ಮೇಲಿನಿಂದ. ‘ಪಾನಕ ಮೊಳಕೈಗಂಟ ಸುರೀತು ಕಣಪ್ಪಾ, ಅಂಗಿ ತೋಳೆಲ್ಲ ಅಂಟಂಟು’ ಅಂತ ಅಪ್ಪ ಈಗಲೂ ಹೇಳುತ್ತಾನೆ. ಕೋಪದಿಂದ ಹೇಳುವುದಿಲ್ಲ. ಆವತ್ತು ತಾನೂ ಅತ್ತೆ ಅಂತಲೂ ಹೇಳುತ್ತಾನೆ. ಈ ಎರಡು ಮಾತನ್ನು ಒಟ್ಟಿಗೆ ಇಟ್ಟುಕೊಂಡು ಯೋಚಿಸೋದು ಹೇಗೆ ಅನ್ನುವುದೇ ಈ ಬರಹದ ತೊಡಕು.

ಆ ಧಾರಾವಾಹಿಯ ಅಭಿಮಾನಿಗಳ ನೆನಪು ಈಗ ಒಂದು ಸಾಹಿತ್ಯ ಪ್ರಕಾರವೇ ಆಗಿಬಿಟ್ಟಿದೆ. ಭಾನುವಾರ ಬೆಳಿಗ್ಗೆ ಬೀದಿಗಳು ಬಿಕೋ ಎನ್ನುತ್ತಿದ್ದದ್ದು, ಟೀವಿಗೆ ಹಾರ ಹಾಕಿ ಊದುಬತ್ತಿ ಹಚ್ಚುತ್ತಿದ್ದದ್ದು, ಅರುಣ್ ಗೋವಿಲ್ ಕಂಡಲ್ಲಿ ಜನ ಕಾಲಿಗೆ ಬೀಳುತ್ತಿದ್ದದ್ದು. ಸುಳ್ಳಲ್ಲ, ಇವೆಲ್ಲ ನಡೆದವು. ಆದರೆ ಈ ನೆನಪು ಒಳಮನೆಯ ಚಾಪೆಯ ಮೇಲೆ ಕೂತವರ ನೆನಪು. ಹೊಂಗೆ ಮರದ ಬುಡಕ್ಕೆ ಅದು ಬರುವುದಿಲ್ಲ. ಅದೇ ವರ್ಷ ಪಂಜಾಬಿನ ಜಲಂಧರ್‌ನಲ್ಲಿ ಇದೇ ಧಾರಾವಾಹಿಯ ಕೆಲವು ಅಭಿಮಾನಿಗಳು ಮಾಡಿದ ಒಂದು ಕೆಲಸವೂ ಅದರಲ್ಲಿ ಇಲ್ಲ.

2

1987ರ ಜನವರಿ 25ರಂದು ಶುರುವಾದ ಧಾರಾವಾಹಿಗೆ ಮೊದಲು ಗೊತ್ತುಮಾಡಿದ್ದು 52 ಕಂತು. ಜನಪ್ರಿಯತೆ ಏರಿದ ಹಾಗೆ ಅದನ್ನು ಹಿಗ್ಗಿಸುತ್ತ ಹೋಗಿ 78ಕ್ಕೆ ನಿಲ್ಲಿಸಿದರು. ನಿಲ್ಲಿಸಿದ್ದು ರಾಮನ ಪಟ್ಟಾಭಿಷೇಕದಲ್ಲಿ. ಧಾರಾವಾಹಿಯ ಮುಖ್ಯ ಆಧಾರಗಳಲ್ಲೊಂದಾದ ತುಲಸೀದಾಸರ ‘ರಾಮಚರಿತಮಾನಸ’ವೂ ಸೀತೆಯನ್ನು ಕಾಡಿಗೆ ಅಟ್ಟುವ ಕಥೆಗೆ ಹೋಗುವುದಿಲ್ಲ. ರಾಜ ಸಿಂಹಾಸನ ಏರಿದ, ಪ್ರಜೆಗಳು ಸುಖವಾಗಿದ್ದರು, ಮಂಗಳಂ.

ಕಥೆ ಇಲ್ಲಿಗೇ ಮುಗಿಯುತ್ತದೆ ಅಂತ ಗೊತ್ತಾದಾಗ ಜಲಂಧರ್‌ನ ನಗರಸಭೆಯ ಸಫಾಯಿ ಕಾರ್ಮಿಕರು ಪೊರಕೆ ಕೆಳಗಿಟ್ಟರು. ಅವರು ವಾಲ್ಮೀಕಿ ಸಮುದಾಯದವರು. ಬೇಡಿಕೆ ಕೂಲಿಯದಲ್ಲ, ರಜೆಯದಲ್ಲ. ಉತ್ತರಕಾಂಡವನ್ನೂ ತೋರಿಸಬೇಕು ಅನ್ನುವುದು. ಯಾಕೆಂದರೆ ವಾಲ್ಮೀಕಿ ಕಥೆಯ ನಡುಮನೆಗೆ ಬರುವುದು ಅಲ್ಲಿ. ಬಸುರಿ ಸೀತೆಗೆ ನೆರಳು ಕೊಡುವವನು ಅವನು. ಲವಕುಶರಿಗೆ ಅಕ್ಷರವನ್ನೂ ಬಿಲ್ಲನ್ನೂ ಕೊಟ್ಟು, ಅವರ ಬಾಯಿಂದಲೇ ರಾಮನೆದುರು ರಾಮನ ಕಥೆ ಹಾಡಿಸುವವನು ಅವನು. ಕಾವ್ಯ ಬರೆದವನನ್ನೇ ಹೊರಗೆ ನಿಲ್ಲಿಸಿ ಕಾವ್ಯ ಮುಗಿಯಿತು ಅಂದರೆ ಹೇಗೆ? ಮುಷ್ಕರ ಉತ್ತರ ಭಾರತದ ಬೇರೆ ನಗರಗಳಿಗೂ ಹಬ್ಬಿತು. ಬೀದಿಬೀದಿಯಲ್ಲಿ ಕಸ ಬಿದ್ದಿತು, ರೋಗ ಹರಡುವ ಭಯ ಹುಟ್ಟಿತು. ಕೊನೆಗೆ ಸರಕಾರ ಮಣಿಯಿತು. ಉತ್ತರಕಾಂಡದ ಕಥೆ ‘ಉತ್ತರ ರಾಮಾಯಣ’ವಾಗಿ 1988-89ರಲ್ಲಿ ತೆರೆಗೆ ಬಂತು.

ಧಾರಾವಾಹಿಯ ಬಗ್ಗೆ ಸಾಕಷ್ಟು ಬರೆದಿರುವ ಫಿಲಿಪ್ ಲುಟ್‌ಗೆಂಡಾರ್ಫ್‌ರಂಥ ವಿದ್ವಾಂಸರು ಈ ಮುಷ್ಕರವನ್ನು ದಾಖಲಿಸಿದ್ದಾರೆ. ಆದರೆ ಅಲ್ಲಿಂದ ಎತ್ತಿಕೊಂಡವರು ಸಾಮಾನ್ಯವಾಗಿ ಇದನ್ನೊಂದು ಸ್ವಾರಸ್ಯದ ಸಂಗತಿಯಾಗಿ ಹೇಳುತ್ತಾರೆ: ನೋಡಿ, ಟೀವಿಯ ಹುಚ್ಚು ಎಷ್ಟಿತ್ತೆಂದರೆ ಕಸ ಗುಡಿಸುವವರೂ ಮುಷ್ಕರ ಹೂಡಿದರು! ಈ ‘ಗುಡಿಸುವವರೂ’ ಅನ್ನುವುದರ ಕೊನೆಯ ದೀರ್ಘ ನನ್ನನ್ನು ಬಹಳ ದಿನ ಕಾಡಿದೆ. ಕೃತಿಯೊಂದು ಎಲ್ಲಿ ಮುಗಿಯಬೇಕು, ಯಾಕೆ ಅಲ್ಲಿ ಮುಗಿಯಬಾರದು, ಅಲ್ಲಿ ಮುಗಿಸಿದ್ದರಿಂದ ಯಾರು ಹೊರಗುಳಿದರು ಎಂದು ಕೇಳುವುದಕ್ಕೆ ನಾವು ತರಗತಿಗಳಲ್ಲಿ ವಿಮರ್ಶೆ ಅನ್ನುತ್ತೇವೆ. ಅದನ್ನೇ ಪೊರಕೆ ಕೆಳಗಿಟ್ಟು ಕೇಳಿದರೆ ಹುಚ್ಚು ಅನ್ನುತ್ತೇವೆ.

3

ಹೀಗೆಂದ ಕೂಡಲೆ ಎದುರಾಗುವ ಆಕ್ಷೇಪವೊಂದಿದೆ. ಅದು ಹೊರಗಿನಿಂದ ಬಂದದ್ದಲ್ಲ, ನಮ್ಮೊಳಗಿನದೇ. ‘ವಾಲ್ಮೀಕಿ’ ಅನ್ನುವ ಹೆಸರನ್ನು ಆ ಸಮುದಾಯಕ್ಕೆ ಹಚ್ಚಿ ಕೂರಿಸಿದವರು ಯಾರು?

ಪಂಜಾಬಿನ ಈ ಜನರನ್ನು ಊರು ಕರೆಯುತ್ತಿದ್ದದ್ದು ಚೂಹ್ಡಾ ಎಂದು, ಬೈಗುಳದ ಹಾಗೆ. ಅವರಿಗೆ ಬಾಲಾ ಶಾ, ಲಾಲ್ ಬೇಗ್ ಎಂಬ ತಮ್ಮದೇ ಗುರುಗಳಿದ್ದರು. ಅತ್ತ ಹಿಂದೂ ಎನ್ನಲೂ ಇತ್ತ ಮುಸಲ್ಮಾನ ಎನ್ನಲೂ ಆಗದಂಥ ನಡೆನುಡಿ ಅದು. ಕಳೆದ ಶತಮಾನದ ಆರಂಭದ ದಶಕಗಳಲ್ಲಿ, ಇವರು ಕ್ರೈಸ್ತರಾಗುವುದನ್ನು ತಡೆಯಬೇಕೆಂದು ಹೊರಟ ಆರ್ಯಸಮಾಜದವರು ಬಾಲಾ ಶಾ ಎಂದರೆ ವಾಲ್ಮೀಕಿಯೇ ಎಂಬ ಮಾತಿಗೆ ಬಲ ಕೊಟ್ಟರು. ಹೆಸರು ಬದಲಾಯಿತು, ಪೊರಕೆ ಬದಲಾಗಲಿಲ್ಲ. ಅದೇ ಸಮುದಾಯದಲ್ಲಿ ಹುಟ್ಟಿ ಬಾಬಾಸಾಹೇಬರ ಒಡನಾಟ ಪಡೆದ ಭಗವಾನ್ ದಾಸ್ ಜೀವನವಿಡೀ ಈ ಹೆಸರಿನ ವಿರುದ್ಧ ವಾದಿಸಿದರು. ಇತ್ತ ಓಂಪ್ರಕಾಶ್ ವಾಲ್ಮೀಕಿ ಅದೇ ಹೆಸರನ್ನು ಅಡ್ಡಹೆಸರಾಗಿ ಬಿಡದೆ ಇಟ್ಟುಕೊಂಡೇ 1997ರಲ್ಲಿ ‘ಜೂಠನ್’ ಪ್ರಕಟಿಸಿದರು. ಒಂದೇ ಹೆಸರು ಒಬ್ಬರಿಗೆ ಸಂಕೋಲೆ, ಇನ್ನೊಬ್ಬರಿಗೆ ಎದೆ ಎತ್ತಿ ಹೇಳುವ ಗುರುತು.

ನಮ್ಮ ಕಡೆಯ ಓದುಗರಿಗೆ ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. ಕರ್ನಾಟಕದಲ್ಲಿ ವಾಲ್ಮೀಕಿ ಜನಾಂಗ ಅಂದರೆ ನಾಯಕರು, ಬೇಡರು. 1991ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಈ ಹೆಸರುಗಳು ಸ್ಪಷ್ಟವಾಗಿ ಸೇರಿದವು. ಅವರ ಚರಿತ್ರೆ ಪಾಳೆಯಪಟ್ಟುಗಳ ಚರಿತ್ರೆ, ಬೇರೆಯದು. ಪಂಜಾಬಿನ ವಾಲ್ಮೀಕಿಗಳು ಮಾಡುವ ಕೆಲಸವನ್ನು ಇಲ್ಲಿ ಮಾಡುತ್ತಿರುವವರು ಬಹುಪಾಲು ನಮ್ಮ ಮಾದಿಗರು. ಅವರು ಯಾವ ಋಷಿಯ ಹೆಸರನ್ನೂ ಹೊತ್ತಿಲ್ಲ. ಒಬ್ಬ ಕವಿ ಎರಡು ಕಡೆ ಎರಡು ಬೇರೆ ಜನಕ್ಕೆ ಮೂಲಪುರುಷನಾಗಿದ್ದಾನೆ. ಅವನು ನಿಜವಾಗಿ ಯಾವ ಜಾತಿ ಎಂದು ಪತ್ತೆ ಹಚ್ಚುವುದು ಇತಿಹಾಸದ ಕೆಲಸವಲ್ಲ. ಕೆಳಗೆ ತಳ್ಳಿಸಿಕೊಂಡ ಜನ ಎಲ್ಲವನ್ನೂ ಬಿಟ್ಟು ಕಾವ್ಯ ಬರೆದವನನ್ನೇ ಯಾಕೆ ತಮ್ಮವನು ಅಂದರು ಅನ್ನುವುದು ಇತಿಹಾಸದ ಪ್ರಶ್ನೆ. ಅಕ್ಷರದಿಂದ ದೂರ ಇಟ್ಟವರಿಗೆ ಅವರು ಕೊಟ್ಟ ಉತ್ತರ ಅದು: ನಿಮ್ಮ ದೇವರ ಕಥೆ ಬರೆದದ್ದೇ ನಮ್ಮವನು.

4

ಅದೇ ಹೊತ್ತಿನಲ್ಲಿ ರಾಮನನ್ನು ಕುರಿತು ದಲಿತರ ಇನ್ನೊಂದು ಜಗಳ ಮುಂಬಯಿಯ ಬೀದಿಯಲ್ಲಿ ನಡೆದಿತ್ತು. 1987ರಲ್ಲಿ ಮಹಾರಾಷ್ಟ್ರ ಸರಕಾರ ಬಾಬಾಸಾಹೇಬರ ‘ರಿಡಲ್ಸ್ ಇನ್ ಹಿಂದೂಯಿಸಂ’ ಪ್ರಕಟಿಸಿತು. ಅದರಲ್ಲಿ ರಾಮ ಮತ್ತು ಕೃಷ್ಣರನ್ನು ಕುರಿತ ಅನುಬಂಧವನ್ನು ಕಿತ್ತುಹಾಕಬೇಕೆಂದು ಶಿವಸೇನೆ ಗಲಾಟೆ ಎಬ್ಬಿಸಿತು. 1988ರ ಆರಂಭದಲ್ಲಿ ದಲಿತರು ಭಾರೀ ಸಂಖ್ಯೆಯಲ್ಲಿ ಬೀದಿಗಿಳಿದರು. ಕೊನೆಗೆ ಅದು ಸರಕಾರದ ಅಭಿಪ್ರಾಯವಲ್ಲ ಎಂಬ ಟಿಪ್ಪಣಿಯೊಂದಿಗೆ ಅನುಬಂಧ ಉಳಿಯಿತು. ಭಾನುವಾರ ಬೆಳಿಗ್ಗೆ ಟೀವಿಯಲ್ಲಿ ರಾಮ ಬರುತ್ತಿದ್ದ ತಿಂಗಳುಗಳೇ ಅವು.

ನಾವು ಮುಂಬಯಿಯ ಹೋರಾಟವನ್ನು ವೈಚಾರಿಕ ಅನ್ನುತ್ತೇವೆ, ಜಲಂಧರ್‌ನದನ್ನು ಭಕ್ತಿಯ ಮಂಪರು ಅನ್ನುತ್ತೇವೆ. ನಾನೂ ವಿದ್ಯಾರ್ಥಿಯಾಗಿದ್ದಾಗ ಹಾಗೇ ಅಂದುಕೊಂಡಿದ್ದೆ. 1990ರ ರಥಯಾತ್ರೆಗೆ ಈ ಧಾರಾವಾಹಿ ನೆಲ ಹದಮಾಡಿತು ಎಂಬ ವಾದವನ್ನು ನಾನು ಇವತ್ತಿಗೂ ಒಪ್ಪುತ್ತೇನೆ. ಸೀತೆಯಾಗಿದ್ದ ದೀಪಿಕಾ, ರಾವಣನಾಗಿದ್ದ ಅರವಿಂದ ತ್ರಿವೇದಿ 1991ರಲ್ಲಿ ಬಿಜೆಪಿಯಿಂದ ಲೋಕಸಭೆಗೆ ಹೋದದ್ದು, ರಾಮನಾಗಿದ್ದ ಗೋವಿಲ್ 2024ರಲ್ಲಿ ಹೋದದ್ದು ಬರೀ ಕಾಕತಾಳೀಯ ಅಲ್ಲ. ಆದರೆ ನೋಡಿದವರೆಲ್ಲ ಒಂದೇ ಮಂದೆ ಅಂತ ತಿಳಿಯುವ ವಿಮರ್ಶೆಯೂ ಅಂಗಳದಾಚೆ ಕೂತವರನ್ನು ಎಣಿಸುವುದಿಲ್ಲ.

ಒಂದು ಸಂಗತಿ ನನಗೆ ತಡವಾಗಿ ಹೊಳೆಯಿತು. ಬಾಬಾಸಾಹೇಬರು ರಾಮನನ್ನು ಕಟಕಟೆಗೆ ನಿಲ್ಲಿಸುವುದು ಮುಖ್ಯವಾಗಿ ಯಾವ ಪ್ರಸಂಗಗಳಿಂದ? ಬಸುರಿ ಹೆಂಡತಿಯನ್ನು ಕಾಡಿಗೆ ಅಟ್ಟಿದ್ದು, ತಪಸ್ಸು ಮಾಡಿದ ಶೂದ್ರ ಶಂಬೂಕನ ತಲೆ ಕಡಿದದ್ದು. ಎರಡೂ ಇರುವುದು ಉತ್ತರಕಾಂಡದಲ್ಲೇ. ನಮ್ಮ ಕುವೆಂಪು 1944ರಲ್ಲಿ ‘ಶೂದ್ರತಪಸ್ವಿ’ಗೆ ಕೈಹಾಕಿದ್ದೂ ಅಲ್ಲಿಗೇ. ಅಂದರೆ ಪ್ರಶ್ನಿಸುವವರಿಗೂ ಆ ಕಾಂಡ ಬೇಕು, ಪೂಜಿಸುವ ಸಫಾಯಿ ಕಾರ್ಮಿಕರಿಗೂ ಆ ಕಾಂಡವೇ ಬೇಕು. ಮೇಲಿನವರಿಗೆ ಕಥೆ ಪಟ್ಟಾಭಿಷೇಕಕ್ಕೆ ಮುಗಿದರೆ ಚೆಂದ. ಕೆಳಗಿನವರು ಮಾತ್ರ, ಭಕ್ತರಾಗಲಿ ಬಂಡಾಯಗಾರರಾಗಲಿ, ಆಮೇಲೇನಾಯ್ತು ಅಂತ ಕೇಳುತ್ತಾರೆ. ಈ ‘ಆಮೇಲೆ’ ಅನ್ನುವುದೇ ದಲಿತ ವಿಮರ್ಶೆಯ ಮೊದಲ ಮಾತು ಎಂದು ನನಗೆ ಅನ್ನಿಸುತ್ತದೆ.

ಇಷ್ಟು ಹೇಳಿ ಸಮಾಧಾನಪಟ್ಟುಕೊಂಡರೆ ಅದೂ ಮೋಸವೇ. ಆ ಮುಷ್ಕರದ ಬಗ್ಗೆ ನಾನು ಓದಿದ ಬರಹಗಳಲ್ಲೆಲ್ಲ ವಾಲ್ಮೀಕಿಯ ಹೆಸರಿದೆ, ಶಂಬೂಕನ ಹೆಸರಿಲ್ಲ. ಆಶ್ರಮದ ಬಾಗಿಲು ತೆರೆಯಿರಿ ಎಂದು ಕೇಳಿದವರು ಅದೇ ಕಾಂಡದಲ್ಲಿ ಬಿದ್ದಿರುವ ಹೆಣದ ಲೆಕ್ಕ ಕೇಳಲಿಲ್ಲವೇ? ಕೇಳಿದ್ದು ಯಾರ ಕಿವಿಗೂ ಬೀಳಲಿಲ್ಲವೇ? ಇನ್ನೂ ಒಂದು. ಇಡೀ ದೇಶಕ್ಕೆ ಉಸಿರು ಕಟ್ಟಿಸಬಲ್ಲ ಶಕ್ತಿ ತಮ್ಮ ಪೊರಕೆಗಿದೆ ಎಂದು ತೋರಿಸಿಕೊಟ್ಟವರಿಗೆ ಸಿಕ್ಕಿದ್ದು ಟೀವಿಯಲ್ಲಿ ಒಬ್ಬ ಋಷಿ. ಮಲ ಹೊರಿಸುವುದು ಅಪರಾಧ ಎಂದು ಸಂಸತ್ತು ಕಾಯ್ದೆ ಮಾಡಿದ್ದು 1993ರಲ್ಲಿ, ಅದು ಸಾಲದೆ ಇನ್ನೊಂದು ಮಾಡಿದ್ದು 2013ರಲ್ಲಿ. ಆಮೇಲೂ ಮ್ಯಾನ್‌ಹೋಲಿಗೆ ಇಳಿದವರು ಹೆಣವಾಗಿ ಮೇಲೆ ಬಂದರು.

5

2020ರ ಮಾರ್ಚ್ 28ರಿಂದ ದೂರದರ್ಶನ ಇದೇ ರಾಮಾಯಣವನ್ನು ಮತ್ತೆ ಹಾಕಿತು. ಲಾಕ್‌ಡೌನ್. ನಾನು ಎಂ.ಎ. ಕೊನೆಯ ಸೆಮಿಸ್ಟರಿನಲ್ಲಿದ್ದವನು ಹಾಸ್ಟೆಲ್ ಮುಚ್ಚಿ ಮನೆಗೆ ಬಂದಿದ್ದೆ. ಅಪ್ಪ ಊರು ಬಿಟ್ಟು ಪಟ್ಟಣ ಸೇರಿ ಎಷ್ಟೋ ವರ್ಷ ಆಗಿತ್ತು. ಅವ್ವ ಅಲ್ಲಿನ ಗುತ್ತಿಗೆ ಪೌರಕಾರ್ಮಿಕಳು. ದೇಶಕ್ಕೆಲ್ಲ ಮನೆಯಲ್ಲಿರಿ ಎಂದ ಕಾಲದಲ್ಲಿ ಅವಳು ದಿನಾ ಬೆಳಿಗ್ಗೆ ಐದಕ್ಕೆ ಹೊರಡುತ್ತಿದ್ದಳು, ಬಾಯಿಗೆ ಸೆರಗು ಕಟ್ಟಿಕೊಂಡು. ಬೆಳಗಿನ ಒಂಬತ್ತರ ಕಂತು ಅವಳಿಗೆ ಸಿಗುತ್ತಿರಲಿಲ್ಲ, ರಾತ್ರಿ ಒಂಬತ್ತರದ್ದು ಸಿಗುತ್ತಿತ್ತು. ಏಪ್ರಿಲ್ 16ರ ಕಂತನ್ನು 7.7 ಕೋಟಿ ಜನ ನೋಡಿದರು ಎಂದು ದೂರದರ್ಶನ ಹೇಳಿಕೊಂಡಿತು. ಆ ಮಾರ್ಚಿನ ಕೊನೆಯಲ್ಲಿ ಪಂಜಾಬಿನ ನಾಭಾದಲ್ಲಿ ಜನ ಮಹಡಿ ಮೇಲಿಂದ ಸಫಾಯಿ ಕಾರ್ಮಿಕರ ಮೇಲೆ ಹೂ ಎರಚಿದ ಚಿತ್ರ ಎಲ್ಲರ ಮೊಬೈಲಿಗೂ ಬಂತು. ನಾನು ಅವ್ವನಿಗೆ ತೋರಿಸಿದೆ. ನೋಡಿ, ‘ಆ ಹೂವನ್ನ ಗುಡಿಸೋರು ಯಾರಂತೆ?’ ಅಂದಳು.

ಏಪ್ರಿಲ್ 18ಕ್ಕೆ ಪಟ್ಟಾಭಿಷೇಕ ಆಯಿತು. ಅಪ್ಪ ಈ ಸಲ ಕುರ್ಚಿ ಮೇಲೆ ಕೂತು, ಟೀವಿಯ ಎದುರಿಗೇ ನೋಡಿದ. ರಾಮನ ಮುಖ ಕಂಡಿತು. ಈ ಸಲ ಅಳಲಿಲ್ಲ, ಸುಮ್ಮನೆ ಕೂತಿದ್ದ. ಅವ್ವನೇ ಮಾತಾಡಿದ್ದು: ‘ಇದೇನ್ ಮುಗೀತಾ? ಬಸ್ರಿ ಹೆಂಗ್ಸನ್ನ ಕಾಡಿಗಟ್ಟೋದು ಇನ್ನೂ ಐತಲ್ಲ.’ ಅವಳು ತುಲಸೀದಾಸರನ್ನು ಓದಿದವಳಲ್ಲ, ಯಾರನ್ನೂ ಓದಿದವಳಲ್ಲ. ಹಟ್ಟಿಯ ಹಾಡಿನಲ್ಲಿ, ನಾಟಕದ ಲವಕುಶರಲ್ಲಿ ಅವಳಿಗೆ ಕಥೆ ಅಲ್ಲಿಯವರೆಗೂ ಗೊತ್ತು. ಮಾರನೆ ದಿನದಿಂದ ‘ಉತ್ತರ ರಾಮಾಯಣ’ ಶುರುವಾಯಿತು. ಅದು ಯಾರು ಗೆದ್ದು ಕೊಟ್ಟ ಕಂತುಗಳು ಎಂದು ನಾನು ಅವ್ವನಿಗೆ ಹೇಳಿದೆ. ಜಲಂಧರ್ ಎಲ್ಲಿದೆ ಅಂತ ಅವಳು ಕೇಳಲಿಲ್ಲ. ‘ಎಷ್ಟು ದಿನ ಬಿಟ್ಟಿದ್ರು ಕೆಲ್ಸ? ಸಂಬ್ಳ ಹಿಡಿದ್ರಾ?’ ಅಂತ ಕೇಳಿದಳು. ಇತಿಹಾಸ ಓದಿದ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ನೋಡಿದ ಕಂತುಗಳಲ್ಲಿ ಶಂಬೂಕ ಕಾಣಲಿಲ್ಲ.

2022ರ ಜುಲೈ ಮೊದಲ ವಾರ ಕರ್ನಾಟಕದ ಪೌರಕಾರ್ಮಿಕರು ಕಾಯಂ ಮಾಡಿ ಎಂದು ಪೊರಕೆ ಕೆಳಗಿಟ್ಟರು. ಅವ್ವನೂ ಇಟ್ಟಳು. ನಾಲ್ಕು ದಿನಕ್ಕೆ ಸರಕಾರ ಮಾತು ಕೊಟ್ಟಿತು. ಈಗ ನಾನು ಸರಕಾರಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ, ಅಂದರೆ ನಾನೂ ಕಾಯಂ ಅಲ್ಲ. ಆಧುನಿಕ ಭಾರತದ ಚರಿತ್ರೆಯ ಪಾಠದಲ್ಲಿ ಆ ಧಾರಾವಾಹಿಯ ಬಗ್ಗೆ ಹೇಳುವಾಗ ಹುಡುಗರನ್ನು ಕೇಳುತ್ತೇನೆ: ಕೊನೆಯ ಕಂತು ಯಾವುದು? ಪಟ್ಟಾಭಿಷೇಕ ಅನ್ನುತ್ತಾರೆ. ಆಮೇಲೆ, ಅನ್ನುತ್ತೇನೆ. ತರಗತಿ ಸುಮ್ಮನಾಗುತ್ತದೆ. ಹಿಂದಿನ ಬೆಂಚಿನಿಂದ ಯಾರಾದರೂ ಒಬ್ಬರು ಮೆಲ್ಲಗೆ, ಕೇಳಲೋ ಬೇಡವೋ ಅನ್ನೋ ಹಾಗೆ, ‘ಆಮೇಲೇನಾಯ್ತು ಸಾರ್?’ ಅಂದರೆ ನನ್ನ ಪಾಠ ಅಲ್ಲಿಂದ ಶುರು.