ಕರಾವಳಿಯ ಕಡಲಕ್ಕಿ: ಋತುಜ್ಞಾನ ಮತ್ತು ದಾಖಲೆಯ ಚರಿತ್ರೆ

ಕರ್ನಾಟಕದ ಕರಾವಳಿಗೆ ಪ್ರತಿವರ್ಷ ಮಳೆಗಾಲ ಮುಗಿದ ಬಳಿಕ ಬಂದು, ಮುಂದಿನ ಮಳೆಗೆ ಮೊದಲೇ ಮರಳುವ ಹಕ್ಕಿಗಳಲ್ಲಿ ಕಡಲಕ್ಕಿ ಪ್ರಮುಖವಾದುದು. ಪಕ್ಷಿಶಾಸ್ತ್ರವು ಗಲ್ ಎಂದು ಗುರುತಿಸುವ ಈ ಹಕ್ಕಿಗಳ ವಲಸೆಯನ್ನು ಕುರಿತ ತಿಳಿವಳಿಕೆ ಎರಡು ನೆಲೆಗಳಲ್ಲಿ ಬೆಳೆದಿದೆ. ಒಂದು, ವಸಾಹತು ಕಾಲದ ಅಧಿಕಾರಿಗಳಿಂದ ಮೊದಲ್ಗೊಂಡ ಲಿಖಿತ ದಾಖಲೆ. ಇನ್ನೊಂದು, ಮೀನುಗಾರ ಸಮುದಾಯಗಳ ದುಡಿಮೆಯೊಳಗೆ ಉಳಿದುಬಂದ ಋತುಜ್ಞಾನ. ಮೊದಲನೆಯದಕ್ಕೆ ಚರಿತ್ರೆಯಿದೆ, ಎರಡನೆಯದು ಅನಾದಿಯಿಂದ ಹಾಗೆಯೇ ಇದೆ ಎಂಬ ಗ್ರಹಿಕೆ ಸಾಮಾನ್ಯವಾಗಿದೆ. ಆದರೆ ದುಡಿಮೆಯ ಕ್ರಮ ಬದಲಾದಂತೆ ಅದರೊಳಗಿನ ಜ್ಞಾನವೂ ಬದಲಾಗುತ್ತದೆ. ಆ ಕಾರಣದಿಂದ ಎರಡನೆಯದಕ್ಕೂ ಕಾಲನಿರ್ದಿಷ್ಟವಾದ ಚರಿತ್ರೆಯಿದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಹಕ್ಕಿಯ ವರ್ಷ, ಕಡಲಿನ ವರ್ಷ

ಕರಾವಳಿಯಲ್ಲಿ ಚಳಿಗಾಲ ಕಳೆಯುವ ಕಡಲಕ್ಕಿಗಳು ಬೇರೆ ಬೇರೆ ನಾಡುಗಳಿಂದ ಬರುತ್ತವೆ. ಕಂದುತಲೆಯ ಕಡಲಕ್ಕಿ ಲಡಾಖ್, ಟಿಬೆಟ್ ಹಾಗೂ ಮಧ್ಯ ಏಷ್ಯಾದ ಎತ್ತರದ ಸರೋವರಗಳಲ್ಲಿ ಮರಿಮಾಡುತ್ತದೆ. ಗಾತ್ರದಲ್ಲಿ ದೊಡ್ಡದಾದ ಪಲ್ಲಾಸನ ಕಡಲಕ್ಕಿಯ ನೆಲೆ ಮಧ್ಯ ಏಷ್ಯಾ. ಹ್ಯೂಗ್ಲಿನನ ಕಡಲಕ್ಕಿ ಉತ್ತರ ರಷ್ಯಾದ ಹಿಮಬಯಲಿನಿಂದ ಬರುವಂಥದು. ಇವು ಬರುವುದು ಮುಖ್ಯವಾಗಿ ಸೆಪ್ಟೆಂಬರ್–ನವೆಂಬರ್ ಅವಧಿಯಲ್ಲಿ. ಏಪ್ರಿಲ್ ಮುಗಿಯುವ ವೇಳೆಗೆ ಬಹುಪಾಲು ಮರಳಿರುತ್ತವೆ. ತುಳು ತಿಂಗಳುಗಳ ಲೆಕ್ಕದಲ್ಲಿ ಹೇಳುವುದಾದರೆ ನಿರ್ನಾಲ–ಬೊಂತೆಲ್‌ಗಳಲ್ಲಿ ಆಗಮನ, ಸುಗ್ಗಿ–ಪಗ್ಗುಗಳಲ್ಲಿ ನಿರ್ಗಮನ.

ಮೀನುಗಾರಿಕೆಯ ಸಾಂಪ್ರದಾಯಿಕ ವರ್ಷವೂ ಹೆಚ್ಚುಕಡಿಮೆ ಇದೇ ಚೌಕಟ್ಟಿನದು. ಕಾರ್ತೆಲ್ ಮತ್ತು ಆಟಿ ತಿಂಗಳುಗಳಲ್ಲಿ ಕಡಲು ಪ್ರಕ್ಷುಬ್ಧವಾಗಿದ್ದು ದೋಣಿಗಳು ದಡ ಸೇರುತ್ತವೆ. ಶ್ರಾವಣದ ನೂಲ ಹುಣ್ಣಿಮೆಯಂದು ಹಾಲು, ತೆಂಗಿನಕಾಯಿ ಅರ್ಪಿಸಿ ಸಮುದ್ರಪೂಜೆ ನಡೆಸಿದ ತರುವಾಯ ಕಡಲು ಮತ್ತೆ ತೆರೆದುಕೊಳ್ಳುತ್ತದೆ. ಹೀಗೆ ಆಚರಣೆಯು ತೆರೆದ ಕಡಲಿಗೆ ಕೆಲವು ವಾರಗಳ ಅಂತರದಲ್ಲಿ ಹಕ್ಕಿಗಳು ಬಂದು ಸೇರುತ್ತವೆ. ಮಳೆಗಾಲದಲ್ಲಿ ಹಕ್ಕಿಯೂ ಇಲ್ಲ, ಬಲೆಯೂ ಇಲ್ಲ.

ಮಳೆಯನ್ನು ವಲಸೆಯ ಗಡಿಯಾಗಿ ಕಂಡ ದೃಷ್ಟಿ ಶಿಷ್ಟ ಪರಂಪರೆಯಲ್ಲಿಯೂ ಇದೆ. ಮುಂಗಾರಿನ ಮೋಡ ಕಂಡೊಡನೆ ಹಂಸಗಳು ಮಾನಸ ಸರೋವರದ ಕಡೆಗೆ ಹೊರಡುತ್ತವೆ ಎಂಬುದು ಪ್ರಸಿದ್ಧ ಕವಿಸಮಯ. ಕಾಳಿದಾಸನ ಮೇಘದೂತದಲ್ಲಿಯೂ ಅದರ ಪ್ರಸ್ತಾಪವಿದೆ. ಹಿಮಾಲಯದಾಚೆಗೆ ಮರಳುವ ಕಡಲಕ್ಕಿಯ ಪಯಣವೂ ಇದೇ ದಿಕ್ಕಿನದಾದರೂ ಅದಕ್ಕೆ ಕವಿಸಮಯದ ಗೌರವ ದೊರೆಯಲಿಲ್ಲ. ಅದರ ಸ್ಥಾನ ಕಾವ್ಯದಲ್ಲಲ್ಲ, ಕಸುಬಿನಲ್ಲಿ.

ರಂಪಣಿಯ ಕಣ್ಣು

ಈ ಕಸುಬಿನ ಕೇಂದ್ರದಲ್ಲಿದ್ದುದು ರಂಪಣಿ. ದಡದಿಂದ ದೋಣಿಯಲ್ಲಿ ಒಯ್ದು ಅರ್ಧವೃತ್ತಾಕಾರವಾಗಿ ಇಳಿಬಿಟ್ಟು, ಹತ್ತಾರು ಜನ ಎರಡೂ ತುದಿಗಳಿಂದ ಎಳೆಯುವ ಈ ಬೃಹತ್ ಬಲೆ ಬಂಗುಡೆ, ಬೂತಾಯಿಗಳ ಹಿಂಡನ್ನು ಅವಲಂಬಿಸಿತ್ತು. ದಕ್ಷಿಣದಲ್ಲಿ ಮೊಗವೀರರು, ಉತ್ತರದಲ್ಲಿ ಖಾರ್ವಿ, ಹರಿಕಂತ್ರ ಮೊದಲಾದ ಸಮುದಾಯಗಳ ಬದುಕು ಇದರೊಂದಿಗೆ ಬೆಸೆದುಕೊಂಡಿತ್ತು. ಹಿಂಡು ದಡಕ್ಕೆ ಸಮೀಪಿಸಿದ ಗಳಿಗೆಯಲ್ಲಿಯೇ ಬಲೆ ಬೀಳಬೇಕು. ತಪ್ಪಿದರೆ ಇಡೀ ತಂಡದ ಅಂದಿನ ಪಾಲು ತಪ್ಪಿದಂತೆ. ಆದುದರಿಂದ ನೀರಿನ ಬಣ್ಣ, ಅಲೆಯ ಮೇಲಿನ ನವಿರು ಕಂಪನ, ಮೇಲೆ ಸುತ್ತುವ ಹಕ್ಕಿಗಳ ಗುಂಪು ಇವನ್ನು ಒಟ್ಟಾಗಿ ಓದುವ ನುರಿತ ಕಣ್ಣು ಅಗತ್ಯವಾಗಿತ್ತು.

ಇಲ್ಲಿ ಹಕ್ಕಿಯ ವರ್ತನೆಗೆ ಅದರ ಜಾತಿಗಿಂತ ಹೆಚ್ಚಿನ ಬೆಲೆ. ರೀವಗಳು ಮೇಲಿನಿಂದ ನೇರವಾಗಿ ನೀರಿಗೆ ಎರಗುತ್ತವೆ. ಕಡಲಕ್ಕಿಗಳು ಸಾಮಾನ್ಯವಾಗಿ ಮೇಲ್ಮೈಯಲ್ಲಿ ಸಿಕ್ಕಿದ್ದನ್ನು ಹೆಕ್ಕುತ್ತವೆ. ಎರಗುವ ಹಕ್ಕಿ ಮತ್ತು ಹೆಕ್ಕುವ ಹಕ್ಕಿ ನೀಡುವ ಸೂಚನೆಗಳು ಬೇರೆಯಾದವು. ಹಲವು ಬಗೆಯ ಹಕ್ಕಿಗಳನ್ನು ಒಂದೇ ಹೆಸರಿನಲ್ಲಿ ಕರೆಯುವ ರೂಢಿಯನ್ನು ಅಜ್ಞಾನವೆಂದು ಎಣಿಸುವಂತಿಲ್ಲ. ಮಲಯಾಳ ಮತ್ತು ತಮಿಳು ಭಾಷೆಗಳಲ್ಲಿ ಇದಕ್ಕೆ ‘ಕಡಲ ಕಾಗೆ’ ಎಂಬರ್ಥದ ಹೆಸರುಗಳಿವೆ. ದಡದಲ್ಲಿ ಹೆಕ್ಕಿ ತಿನ್ನುವ ಸ್ವಭಾವವನ್ನು ಕಾಗೆಯೊಂದಿಗೆ ಹೋಲಿಸಿದ ಈ ಹೆಸರು ರೂಪವನ್ನಲ್ಲ, ನಡತೆಯನ್ನು ಆಧರಿಸಿದೆ.

ಲಿಖಿತ ದಾಖಲೆಯ ಮಿತಿ

ಲಿಖಿತ ದಾಖಲೆ ಬೇರೊಂದು ಪ್ರಶ್ನೆಯಿಂದ ಹೊರಟಿತು. ಮುಂದೆ ಕಾಂಗ್ರೆಸ್ಸಿನ ಸ್ಥಾಪನೆಯಲ್ಲಿ ಪ್ರಮುಖನಾದ ಎ. ಓ. ಹ್ಯೂಮ್ 1875ರಲ್ಲಿ ಲಕ್ಷದ್ವೀಪ ಹಾಗೂ ಪಶ್ಚಿಮ ಕರಾವಳಿಯ ಪಕ್ಷಿಗಳನ್ನು ಅಧ್ಯಯನ ಮಾಡಿ ತನ್ನ ‘ಸ್ಟ್ರೇ ಫೆದರ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದನು. ಉತ್ತರ ಕನ್ನಡದ ಕಲೆಕ್ಟರನಾಗಿದ್ದ ಜೇಮ್ಸ್ ಡೇವಿಡ್‌ಸನ್ ಆ ಜಿಲ್ಲೆಯ ಹಕ್ಕಿಗಳನ್ನು ಕುರಿತ ಲೇಖನವನ್ನು 1898ರಲ್ಲಿ, 1883ರಲ್ಲಿ ಸ್ಥಾಪಿತವಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದನು. ಇವು ಬೆಲೆಯುಳ್ಳ ಆಕರಗಳು. ಆದರೆ ಆ ಕಾಲದ ಪಕ್ಷಿಶಾಸ್ತ್ರ ಚರ್ಮ, ಗೂಡು, ಮೊಟ್ಟೆಗಳ ಸಂಗ್ರಹವನ್ನು ನೆಚ್ಚಿತ್ತು. ಕಡಲಕ್ಕಿ ಈ ದಡದಲ್ಲಿ ಗೂಡು ಕಟ್ಟುವುದಿಲ್ಲ. ಅದು ಯಾವ ಮೀನಿನ ಜೊತೆ, ಯಾವ ಗಾಳಿಯ ಜೊತೆ ಬರುತ್ತದೆ ಎಂಬ ಪ್ರಶ್ನೆ ಆ ಶಾಸ್ತ್ರದ ಮುಖ್ಯ ಕಾಳಜಿಯಾಗಿರಲಿಲ್ಲ.

ವಲಸೆಯ ದಾರಿಯನ್ನು ಅರಿಯುವ ಹೊಸ ವಿಧಾನ ಉಂಗುರ ತೊಡಿಸುವಿಕೆಯಿಂದ ದೊರೆಯಿತು. ಡೆನ್ಮಾರ್ಕಿನ ಮಾರ್ಟೆನ್ಸನ್ 1899ರಲ್ಲಿ ಅದನ್ನು ವ್ಯವಸ್ಥಿತವಾಗಿ ಆರಂಭಿಸಿದನು. ಭಾರತದಲ್ಲಿ ಧಾರ್ ಸಂಸ್ಥಾನದಲ್ಲಿ 1927ರಲ್ಲಿ ಮೊದಲ ಸಂಘಟಿತ ಪ್ರಯತ್ನ ನಡೆಯಿತು. 1960ರ ದಶಕದಲ್ಲಿ ಸಲೀಂ ಅಲಿಯವರ ನೇತೃತ್ವದಲ್ಲಿ ಈ ಕಾರ್ಯ ವಿಸ್ತಾರಗೊಂಡಿತು. ಹೀಗೆ ಹಕ್ಕಿಯ ವರ್ಷದ ಇನ್ನೊಂದು ಅರ್ಧವನ್ನು ಶಾಸ್ತ್ರ ತಿಳಿಯತೊಡಗಿದ ದಶಕಗಳಲ್ಲಿಯೇ, ಕರಾವಳಿಯಲ್ಲಿ ಮೊದಲ ಅರ್ಧದ ಜ್ಞಾನ ತನ್ನ ಆಧಾರವನ್ನು ಕಳೆದುಕೊಳ್ಳತೊಡಗಿತು.

ಕಸುಬು ಬದಲಾದಾಗ

1970ರ ದಶಕದ ನಡುವಿನಿಂದ ಪರ್ಸೀನ್ ಬಲೆಗಳು ಹರಡಿದಂತೆ, ಮೀನಿನ ಹಿಂಡನ್ನು ದಡ ಸೇರುವ ಮೊದಲೇ ಹಿಡಿಯುವುದು ಸಾಧ್ಯವಾಯಿತು. ರಂಪಣಿ ಮೀನುಗಾರರ ಪ್ರತಿರೋಧದ ನಡುವೆಯೂ ಆ ಬಲೆ ಹಿನ್ನೆಲೆಗೆ ಸರಿಯಿತು. ಇಂದು ಕೈರಂಪಣಿಯಂಥ ಸಣ್ಣ ರೂಪಗಳು ಉಳಿದಿವೆ. ಹಿಂಡನ್ನು ಹುಡುಕುವ ಕೆಲಸ ಯಂತ್ರಗಳಿಗೂ ಉಪಗ್ರಹ ಆಧಾರಿತ ಮುನ್ಸೂಚನೆಗಳಿಗೂ ಸಂದಿದೆ. ಮಲ್ಪೆಯಂಥ ಬಂದರುಗಳಲ್ಲಿ ಕಡಲಕ್ಕಿ ಈಗ ದೋಣಿಯನ್ನು ಹಿಂಬಾಲಿಸಿ, ಎಸೆದ ಮೀನಿಗಾಗಿ ಕಾಯುತ್ತದೆ. ಒಂದು ಕಾಲಕ್ಕೆ ಮೀನುಗಾರ ಹಕ್ಕಿಯನ್ನು ನೋಡಿ ಹೊರಡುತ್ತಿದ್ದ. ಈಗ ಹಕ್ಕಿ ಮೀನುಗಾರನನ್ನು ನೋಡಿ ಹೊರಡುತ್ತದೆ.

ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ತಾಣವೆಂದು ಘೋಷಿತವಾದ ನಂತರ ಅಲ್ಲಿನ ಹಕ್ಕಿಗಳ ಎಣಿಕೆಗೆ ಹೊಸ ಮಹತ್ವ ಬಂದಿದೆ. ಎಣಿಕೆಯಿಂದ ಸಂಖ್ಯೆ ದೊರೆಯುತ್ತದೆ. ಹಕ್ಕಿ, ಮೀನು, ಗಾಳಿ, ತಿಂಗಳುಗಳ ಸಂಬಂಧ ದೊರೆಯುವುದು ರಂಪಣಿ ಎಳೆದ ಹಿರಿಯರ ನೆನಪಿನಲ್ಲಿ. ಆ ತಲೆಮಾರು ಈಗ ಇಳಿವಯಸ್ಸಿನಲ್ಲಿದೆ. ಅವರ ಮಾತುಗಳನ್ನು ನಂಬಿಕೆಗಳ ಪಟ್ಟಿಯಾಗಿ ಸಂಗ್ರಹಿಸುವ ಬದಲು ಸ್ಥಳ, ತಿಂಗಳು, ಬಲೆಯ ಬಗೆಗಳೊಂದಿಗೆ ಚಾರಿತ್ರಿಕ ಸಾಕ್ಷ್ಯವಾಗಿ ದಾಖಲಿಸಬೇಕಾದುದು ಜಾನಪದ ಅಧ್ಯಯನದ ತುರ್ತು ಹೊಣೆಯಾಗಿದೆ.