ಅಮಲಿನ ತಪ್ಪೊಪ್ಪಿಗೆ: ಸಾಕ್ಷ್ಯ ಅಧಿನಿಯಮದ 29ನೆಯ ಕಲಮಿನ ಮರುಓದು

1942ರ ಸೆಪ್ಟೆಂಬರ್‌ನಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ ನಡೆದ ಘರ್ಷಣೆಯಲ್ಲಿ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಸತ್ತರು. 1943ರ ಮಾರ್ಚ್‌ನಲ್ಲಿ ಊರಿನ ಐವರು ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿದರು. ಗುಂಪಿನ ನಡುವೆ ಆದ ಸಾವಿಗೆ ಒಬ್ಬೊಬ್ಬರ ಕೊರಳನ್ನು ಹೊಣೆ ಮಾಡುವಾಗ ಯಾರ ಬಾಯಿಂದ, ಯಾವ ಸ್ಥಿತಿಯಲ್ಲಿ ಬಂದ ಮಾತನ್ನು ನಂಬುತ್ತೇವೆ ಎಂಬುದು ಜೀವದ ಪ್ರಶ್ನೆ. ಆ ಮೊಕದ್ದಮೆಯ ವಿಮರ್ಶೆ ನನ್ನ ಉದ್ದೇಶವಲ್ಲ. ಅದು ಎಬ್ಬಿಸುವ ಪ್ರಶ್ನೆಯ ಒಂದೇ ಎಳೆ ಇಲ್ಲಿದೆ: ಕುಡಿದವನ ತಪ್ಪೊಪ್ಪಿಗೆ.

ವಿವಾದವಿಲ್ಲದ್ದನ್ನು ಮೊದಲು ಹೇಳಿಬಿಡುತ್ತೇನೆ. 1872ರ ಸಾಕ್ಷ್ಯ ಅಧಿನಿಯಮದ 24ನೆಯ ಕಲಂ ಆಮಿಷ, ಬೆದರಿಕೆಗಳಿಂದ ಬಂದ ತಪ್ಪೊಪ್ಪಿಗೆಯನ್ನು ತಳ್ಳುತ್ತಿತ್ತು. ಪೊಲೀಸರೆದುರಿನ ತಪ್ಪೊಪ್ಪಿಗೆಯನ್ನು 25ನೆಯದು ತಡೆಯುತ್ತಿತ್ತು. ಅನ್ಯಥಾ ಸುಸಂಗತವಾದ ತಪ್ಪೊಪ್ಪಿಗೆಯು ಆರೋಪಿ ಕುಡಿದಿದ್ದ ಮಾತ್ರಕ್ಕೆ ಅಸುಸಂಗತವಾಗದು ಎಂಬುದು 29ನೆಯದರ ಮಾತು; ಅದರ ಜಾಗಕ್ಕೆ ಬಂದ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 22ನೆಯ ಕಲಮಿನ ಪರಂತುಕದಲ್ಲೂ ಅದು ಉಳಿದಿದೆ. ಅರಳಿಕಟ್ಟೆಯ ಮೇಲೆ ಕುಡಿದು ಕೂತವನೊಬ್ಬ ಗೆಳೆಯನ ಹೆಗಲು ಹಿಡಿದು 'ನಾನೇ ಮಾಡ್ದೆ ಕಣೋ' ಎಂದರೆ ಆ ಮಾತು ನ್ಯಾಯಾಲಯದ ಹೊಸಿಲು ದಾಟಬಲ್ಲದು. ಅದರ ತೂಕವೆಷ್ಟು ಎಂಬುದು ಬೇರೆ ಲೆಕ್ಕ.

ತಕರಾರು ಇರುವುದು ಹೆಂಡ ಕುಡಿಸಿದವರು ಯಾರು ಎಂಬಲ್ಲಿ. ಇಂಗ್ಲೆಂಡಿನ 1835ರ ಸ್ಪಿಲ್ಸ್‌ಬರಿ ಪ್ರಕರಣದಲ್ಲಿ, ಕಾನ್‌ಸ್ಟೇಬಲ್ಲೇ ಮದ್ಯ ಕೊಟ್ಟಿದ್ದರೂ ಮಾತು ಸ್ವೀಕಾರಾರ್ಹವೆಂದು ನ್ಯಾಯಮೂರ್ತಿ ಕೋಲ್‌ರಿಜ್ ಹೇಳಿದರು. ನಮ್ಮ ಅಧಿನಿಯಮದ ಕರಡು ಬರೆದ ಸ್ಟೀಫನ್ನರ ಬೆನ್ನಿಗೆ ಇದ್ದದ್ದು ಈ ಪರಂಪರೆ. 29ನೆಯ ಕಲಮಿನ ಮಾತನ್ನು ಇಂದೂ ಹಾಗೆಯೇ ಓದುವುದು ತಪ್ಪೆಂದು ನನ್ನ ವಾದ.

'ಮಾತ್ರಕ್ಕೆ' ಎಂಬ ಪದವನ್ನು ನೋಡಿ. ಅದು ಅಮಲೊಂದನ್ನೇ ಕಾರಣವಾಗಿಸುವುದನ್ನು ತಡೆಯುತ್ತದೆ. ಅಮಲಿನ ಹಿಂದಿರುವ ಕೈಯನ್ನು ಮುಚ್ಚಿಡುವುದಿಲ್ಲ. 'ಅನ್ಯಥಾ ಸುಸಂಗತ' ಎಂಬ ಷರತ್ತು ನಮ್ಮನ್ನು ಮತ್ತೆ 24ಕ್ಕೇ ಕಳಿಸುತ್ತದೆ. ಅಲ್ಲಿ ಒತ್ತಾಯ ರುಜುವಾತಾಗಬೇಕಿಲ್ಲ, ಹಾಗೆಂದು ಕಂಡುಬಂದರೆ ಸಾಕು. ಸುಪ್ರೀಂ ಕೋರ್ಟಿನ 1962ರ ಪ್ಯಾರೇಲಾಲ್ ಭಾರ್ಗವ ತೀರ್ಪು ಇದನ್ನು ಬಿಡಿಸಿ ಹೇಳಿದೆ. ಹಳೆಯ ದಂಡಸಂಹಿತೆಯ 85ನೆಯ ಕಲಂ ಕೂಡ ತಾನೇ ಕುಡಿದವನನ್ನೂ, ಅರಿವಿಲ್ಲದೆ ಇಲ್ಲವೇ ಇಚ್ಛೆಗೆ ವಿರುದ್ಧವಾಗಿ ಕುಡಿಸಲ್ಪಟ್ಟವನನ್ನೂ ಬೇರೆ ಮಾಡಿತ್ತು. ಕೃತ್ಯಕ್ಕೆ ಇರುವ ಈ ಭೇದ ಮಾತಿಗೆ ಏಕಿರಬಾರದು?

ಗಟ್ಟಿ ಆಧಾರ ನಮ್ಮ ರಾಜ್ಯದ ಹೆಸರು ಹೊತ್ತ ಪ್ರಕರಣದಲ್ಲೇ ಇದೆ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ತೀರ್ಪಿನಲ್ಲಿ (5 ಮೇ 2010) ಸುಪ್ರೀಂ ಕೋರ್ಟ್ ಒತ್ತಾಯದ ಮಂಪರು ಪರೀಕ್ಷೆಯನ್ನು ನಿಷೇಧಿಸಿತು. ಒಪ್ಪಿಗೆ ಕೊಟ್ಟಿದ್ದರೂ ಪರೀಕ್ಷೆಯ ಉತ್ತರಗಳು ಸಾಕ್ಷ್ಯವಾಗವು, ಏಕೆಂದರೆ ಅವುಗಳ ಮೇಲೆ ವ್ಯಕ್ತಿಗೆ ಪ್ರಜ್ಞಾಪೂರ್ವಕ ಹಿಡಿತವಿಲ್ಲ ಎಂದಿತು. ಮಂಪರು ಪರೀಕ್ಷೆಯ ಮದ್ದಾದ ಸೋಡಿಯಂ ಪೆಂಟೋಥಾಲ್ ಸೂಜಿಯಿಂದ ನರಕ್ಕಿಳಿಯುತ್ತದೆ, ಸಾರಾಯಿ ಗಂಟಲಿನಿಂದ. ತನಿಖೆಯ ಕಡೆಯವರೇ ನಾಲಗೆ ಸಡಿಲಿಸಲೆಂದು ಕುಡಿಸಿದ್ದರೆ ಹಿಡಿತ ತಪ್ಪಿಸುವ ಉದ್ದೇಶ ಎರಡರಲ್ಲೂ ಒಂದೇ.

ಇದನ್ನು ಅಳತೆ ಮೀರಿ ಎಳೆಯಲಾರೆ. ಸೆಲ್ವಿ ತೀರ್ಪಿನ ಬುಡ ಸಂವಿಧಾನದ 20(3) ಮತ್ತು 21ನೆಯ ವಿಧಿಗಳಲ್ಲಿದೆ, 29ನೆಯ ಕಲಮಿನಲ್ಲಲ್ಲ. ಮುಂದೆ ಚಾಚಿದ ಲೋಟ ಬಲಾತ್ಕಾರವೇ ಆಗಬೇಕೆಂದಿಲ್ಲ. ಗುಟುಕೊಂದಕ್ಕೂ ಪ್ರಜ್ಞೆ ಅಳಿದ ಸ್ಥಿತಿಗೂ ಅಂತರವಿದೆ. ಹಾಗಾಗಿ ನನ್ನ ಮಾತು ಪ್ರಭುತ್ವ ಉದ್ದೇಶಪೂರ್ವಕವಾಗಿ ಕುಡಿಸಿದ ಪ್ರಸಂಗಕ್ಕಷ್ಟೇ ಸೀಮಿತ. ಪೊಲೀಸರ ಪರವಾಗಿ ನೆರೆಯವನೊಬ್ಬ ಕುಡಿಸಿ, ಕೇಳಿಸಿಕೊಂಡು, ಸಾಕ್ಷಿ ನುಡಿದರೆ 25ನೆಯ ಕಲಂ ಅವನನ್ನು ತಡೆದೀತೇ ಎಂಬುದಕ್ಕೆ ಈ ವಾದದಲ್ಲಿ ಇನ್ನೂ ಉತ್ತರವಿಲ್ಲ.