ಬಂದು ಹೋಗುವ ಕಾಯಿಲೆ, ಹೋಗದ ಹೆಸರು

ನಮ್ಮ ಮಾತಿನಲ್ಲಿ ಎರಡು ಗಾದೆಗಳಿವೆ. ‘ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ’ ಅನ್ನೋದು ಒಂದು. ‘ಹುಚ್ಚುಮುಂಡೆ ಮದುವೇಲಿ ಉಂಡವನೇ ಜಾಣ’ ಅನ್ನೋದು ಇನ್ನೊಂದು. ಮೇಷ್ಟ್ರುಗಳು ತರಗತಿಯಲ್ಲಿ ಹೇಳಿ ನಗಿಸ್ತಾರೆ, ರಾಜಕಾರಣಿಗಳು ವೇದಿಕೆಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸ್ತಾರೆ. ಎರಡನೆಯದನ್ನು ಸ್ವಲ್ಪ ಬಿಡಿಸಿ ನೋಡಿ. ಗಂಡ ಸತ್ತವಳು, ಮೇಲೆ ತಲೆ ಕೆಟ್ಟವಳು, ಅವಳದೊಂದು ಮದುವೆ. ಅಲ್ಲಿ ಯಜಮಾನಿಕೆ ಮಾಡೋರಿಲ್ಲ, ಲೆಕ್ಕ ಕೇಳೋರಿಲ್ಲ. ನುಗ್ಗು, ಉಣ್ಣು, ಎದ್ದು ಹೋಗು. ಗಾದೆ ಕಟ್ಟಿದವನ ಕಣ್ಣಿದ್ದದ್ದು ಅವಳ ಕಾಯಿಲೆಯ ಮೇಲಲ್ಲ, ಅವಳ ಮನೆಯ ಎಲೆಯ ಮೇಲೆ. ನಾನು ಹೇಳಹೊರಟಿರೋದು ಹೀಗೆ ಉಂಡೆದ್ದು ಹೋದವರ ಚರಿತ್ರೆ.

ಪಂಡಿತರು ತಕ್ಷಣ ಹೇಳ್ತಾರೆ, ಕನ್ನಡದಲ್ಲಿ ಮರುಳಿಗೆ ಗೌರವವೂ ಉಂಟಲ್ಲ ಅಂತ. ಉಂಟು. ಶೂನ್ಯಸಂಪಾದನೆಯಲ್ಲಿ ಮರುಳಶಂಕರದೇವರ ಪ್ರಸಂಗ ಬರುತ್ತೆ. ಬಸವಣ್ಣನ ಮಹಾಮನೆಯ ಪ್ರಸಾದಕುಂಡದ ಬಳಿ ಬಿದ್ದಿದ್ದವರನ್ನು ಜನ ಹುಚ್ಚ ಅಂತಲೇ ತಿಳಿದಿರ್ತಾರೆ. ಅಲ್ಲಮ ಬಂದು ಗುರುತಿಸಿದ ಮೇಲೆ ಕೈಮುಗೀತಾರೆ. ಕತೆ ಚೆನ್ನಾಗಿದೆ. ಆದರೆ ಅವರು ಶರಣರಾಗಿರದೆ ಬರೀ ಮರುಳರಾಗಿದ್ದಿದ್ದರೆ? ಜ್ಞಾನಿಯ ಹುಚ್ಚಿಗೆ ನಮಸ್ಕಾರ ಮಾಡೋ ನಾಡು ಕೂಲಿಯವನ ಹುಚ್ಚಿಗೆ ಕಲ್ಲು ತೂರುತ್ತೆ. ಹಿಂದೆ ಅಲ್ಲಮ ನಿಂತಿದ್ದರೆ ಒಂದು ಲೆಕ್ಕ, ಇಲ್ಲದಿದ್ದರೆ ಇನ್ನೊಂದು.

ಈಗ ಕಾಯಿಲೆಯ ಮಾತು. ಡಾಕ್ಟರುಗಳು ಬೈಪೋಲಾರ್ ಅಂತ ಕರೆಯೋದು ಒಂದು ತುದಿಯಿಂದ ಇನ್ನೊಂದು ತುದಿಗೆ ಮನಸ್ಸನ್ನು ಒಯ್ಯುವ ಕಾಯಿಲೆಯನ್ನು. ಏರಿದಾಗ ನಿದ್ದೆ ಬೇಡ, ಅನ್ನ ಬೇಡ, ಮಾತು ನಿಲ್ಲೋದಿಲ್ಲ, ಊರನ್ನೇ ಕೊಂಡುಬಿಡುವ ಹುರುಪು, ಕೈಲಿದ್ದದ್ದನ್ನೆಲ್ಲ ಹಂಚಿಬಿಡ್ತಾರೆ. ಇಳಿದಾಗ ಗೋಡೆ ಕಡೆ ಮುಖ ಮಾಡಿ ಮಲಗಿದವರು ವಾರಗಟ್ಟಲೆ, ತಿಂಗಳುಗಟ್ಟಲೆ ಏಳೋದಿಲ್ಲ, ಸಾವಿನದೇ ಯೋಚನೆ. ಈ ಎರಡರ ನಡುವೆ ತಿಂಗಳುಗಳು, ಎಷ್ಟೋ ಸಲ ವರ್ಷಗಳು, ಅವರು ನನ್ನ ನಿಮ್ಮ ಹಾಗೇ ದುಡೀತಾ ನಗ್ತಾ ಇರ್ತಾರೆ. 1850ರ ದಶಕದಲ್ಲೇ ಪ್ಯಾರಿಸ್ಸಿನ ವೈದ್ಯ ಫಾಲ್ರೆ ಇದನ್ನು ಸುತ್ತಿ ಬರುವ ಹುಚ್ಚು ಅಂದ. 1899ರಲ್ಲಿ ಜರ್ಮನಿಯ ಕ್ರೇಪಲಿನ್, ಮನುಷ್ಯನನ್ನು ದಿನೇ ದಿನೇ ಕುಗ್ಗಿಸುತ್ತಾ ಹೋಗುವ ಹುಚ್ಚು ಬೇರೆ, ಬಂದು ಹೋಗುವ ಹುಚ್ಚು ಬೇರೆ ಅಂತ ಗೆರೆ ಎಳೆದ. ಅಂದರೆ ಬಂದದ್ದು ಹೋಗುತ್ತೆ ಅನ್ನೋದು ವೈದ್ಯಶಾಸ್ತ್ರಕ್ಕೆ ಗೊತ್ತಾಗಿ ಸುಮಾರು 170 ವರ್ಷ ಆಯ್ತು. ನಮ್ಮ ಬೀದಿಗೆ ಇನ್ನೂ ಗೊತ್ತಾಗಿಲ್ಲ. ಮೂರು ವಾರ ತಲೆ ಕೆಟ್ಟವನು ಮೂವತ್ತು ವರ್ಷ ಹುಚ್ಚ, ಅವನ ಮಗ ಹುಚ್ಚನ ಮಗ, ಅವನ ಮನೆ ಹುಚ್ಚರ ಮನೆ.

ಬ್ರಿಟಿಷರು 1858ರಲ್ಲಿ ಹುಚ್ಚರ ಬಗ್ಗೆ ಒಂದೇ ವರ್ಷ ಮೂರು ಕಾನೂನು ಮಾಡಿದರು. ಎರಡು ಕಾನೂನುಗಳು ಆಸ್ತಿ ಇದ್ದವನಿಗೆ. ಅವನ ತಲೆ ಕೆಟ್ಟರೆ ಕೋರ್ಟು ವಿಚಾರಣೆ ಮಾಡಬೇಕು, ಆಸ್ತಿ ನೋಡಿಕೊಳ್ಳೋಕೆ ಒಬ್ಬರನ್ನು ನೇಮಿಸಬೇಕು. ಮೂರನೆಯದು ಹುಚ್ಚಾಸ್ಪತ್ರೆಗಳ ಕಾನೂನು. ಬೀದಿಯಲ್ಲಿ ಅಲೆಯುವವನನ್ನು ಪೊಲೀಸಿನವನು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಅಲ್ಲಿಂದ ಅವನು ಆಸ್ಪತ್ರೆಗೆ. ಕಾಯಿಲೆ ಒಂದೇ, ಉಳ್ಳವನಿಗೆ ಜಡ್ಜಿ, ಇಲ್ಲದವನಿಗೆ ಪೇದೆ. 1912ರ ಕಾನೂನು ಈ ಎರಡು ದಾರಿಗಳನ್ನೂ ಹಾಗೇ ಉಳಿಸಿಕೊಂಡಿತು. ಸ್ವಾತಂತ್ರ್ಯ ಬಂತು, ಸಂವಿಧಾನ ಬಂತು, ಆ ಕಾನೂನು ಮಾತ್ರ ಕದಲಲಿಲ್ಲ. ಅದರ ಜಾಗಕ್ಕೆ 1987ರ ಕಾಯಿದೆ ಬಂದು ಜಾರಿಯಾದದ್ದು 1993ರಲ್ಲಿ. ಅದೇ 1993ರಲ್ಲಿ, ಪತ್ರಕರ್ತೆ ಶೀಲಾ ಬರ್ಸೆ ಹೂಡಿದ ಮೊಕದ್ದಮೆಯಲ್ಲಿ, ಯಾವ ಅಪರಾಧವನ್ನೂ ಮಾಡದ ಮಾನಸಿಕ ರೋಗಿಗಳನ್ನು ಜೈಲಿನಲ್ಲಿಡೋದು ಕಾನೂನಿಗೆ ವಿರುದ್ಧ ಅಂತ ಸುಪ್ರೀಂ ಕೋರ್ಟು ಹೇಳಬೇಕಾಯ್ತು. ಹೇಳಬೇಕಾಯ್ತು ಅಂದರೆ ಅಲ್ಲಿಯವರೆಗೂ ಇಡ್ತಿದ್ದರು.

ಹಿಡಿದು ತಂದವನ ಜೊತೆ ಪೊಲೀಸಿನವನು ಒಂದು ವಿವರಪಟ್ಟಿ ಕಳಿಸಬೇಕಿತ್ತು. ಅದರಲ್ಲಿ ಹುಚ್ಚಿಗೆ ಕಾರಣ ಅನ್ನೋದೊಂದು ಕಲಂ. ಅಲೆಯುವ ಬೈರಾಗಿ, ಕೂಲಿ, ಭಿಕ್ಷುಕ, ಇವರ ಮನೆಯ ಚರಿತ್ರೆ ಪೇದೆಗೆ ಹೇಗೆ ಗೊತ್ತಾಗಬೇಕು? ಗಾಂಜಾ ಅಂತ ಬರೆದ. ಆಸ್ಪತ್ರೆಯ ವಾರ್ಷಿಕ ವರದಿ ಅದನ್ನೇ ನಕಲು ಮಾಡಿತು. ವರ್ಷ ವರ್ಷವೂ ಈ ಅಂಕಿಗಳು ಕೂಡಿ, ಹಿಂದೂಸ್ಥಾನದ ಬಡವರು ಗಾಂಜಾ ಸೇದಿ ಹುಚ್ಚರಾಗ್ತಾರೆ ಅನ್ನುವ ‘ಸತ್ಯ’ ಹುಟ್ಟಿತು. 1893-94ರ ಗಾಂಜಾ ಆಯೋಗ ಕಡತಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ, ಈ ಅಂಕಿಗಳನ್ನು ನಂಬೋ ಹಾಗಿಲ್ಲ ಅಂದಿತು. ಸರ್ಕಾರವೇ ನೇಮಿಸಿದ ಆಯೋಗ ಸರ್ಕಾರದ ಲೆಕ್ಕವನ್ನೇ ಸುಳ್ಳು ಅಂದ ಅಪರೂಪದ ಸಂದರ್ಭ ಅದು. ಆದರೂ ಇವತ್ತಿಗೂ ಕೇರಿಯ ಹುಡುಗನೊಬ್ಬ ರಾತ್ರಿಯೆಲ್ಲ ಮಾತಾಡ್ತಾ ಕೂತರೆ ಮೊದಲ ಪ್ರಶ್ನೆ, ‘ಏನೋ ಹೊಡೆದಿದ್ದೀಯ?’

ಬೆಂಗಳೂರಿನ ಹುಚ್ಚಾಸ್ಪತ್ರೆ 1847ರಷ್ಟು ಹಳೆಯದು, ಡಾ. ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಶುರು ಮಾಡಿದ್ದು. 1925ರಲ್ಲಿ ಮೈಸೂರು ಸರ್ಕಾರ ಅದನ್ನು ಮಾನಸಿಕ ಆಸ್ಪತ್ರೆ ಅಂತ ಕರೆಯಿತು. 1954ರಲ್ಲಿ ಅದರ ಮಗ್ಗುಲಿಗೆ ಅಖಿಲ ಭಾರತ ಸಂಸ್ಥೆ ಬಂತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯ್ತು. ಗೇಟಿನ ಬೋರ್ಡು ಬದಲಾಗುತ್ತಾ ಬಂತು, ಬಸ್ಸಿನಲ್ಲಿ ಕೂತವರ ಬಾಯಿ ಬದಲಾಗಲಿಲ್ಲ. ಈಗ ‘ನಿಮ್ಹಾನ್ಸ್’ ಅನ್ನೋದೇ ಬೈಗುಳ. ಹಾಸ್ಟೆಲ್ಲಿನಲ್ಲಿ ನಾವೇ ಒಬ್ಬರಿಗೊಬ್ಬರು ಬೈದುಕೊಳ್ಳೋ ಪದ.

ನಮ್ಮ ಕೇರಿಯಲ್ಲಿ ನನಗೆ ದೊಡ್ಡಪ್ಪ ಆಗಬೇಕಾದವರೊಬ್ಬರಿದ್ದರು. ತಮಟೆಯಲ್ಲಿ ಅವರ ಕೈ ಬಿಟ್ಟರೆ ಇನ್ನೊಂದಿಲ್ಲ. ಒಂದು ಸುಗ್ಗಿಯಲ್ಲಿ ಅವರಿಗೆ ಏರಿತು. ನಾಲ್ಕು ರಾತ್ರಿ ನಿದ್ದೆ ಇಲ್ಲದೆ ಹಿತ್ತಿಲಲ್ಲಿ ಬಾವಿ ತೋಡಿದರು. ಎರಡು ಮೇಕೆ ಇದ್ದವು, ದಾರೀಲಿ ಹೋಗೋರಿಗೆ ಕೊಟ್ಟರು. ಆ ವಾರದಲ್ಲೇ ಒಬ್ಬ ಉಳ್ಳವರು ಅವರನ್ನು ಜಗಲಿಗೆ ಕರೆದು, ಕಾಫಿ ಕೊಟ್ಟು, ಒಂದೂವರೆ ಎಕರೆಗೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಕಾಫಿ ಲೋಟ ಮಾತ್ರ ಬೇರೆಯದೇ. ಆಮೇಲೆ ಇಳಿಯಿತು, ಎರಡು ತಿಂಗಳು ಮಲಗಿದರು, ಎದ್ದರು, ನೆಟ್ಟಗಾದರು. ನೆಟ್ಟಗಾದ ಮೇಲೆ ಹೋಗಿ ಭೂಮಿ ಕೇಳಿದರೆ ಪಂಚಾಯ್ತಿ ಕಟ್ಟೆಯಲ್ಲಿ ನಗೆಯೋ ನಗೆ: ‘ಹುಚ್ಚನ ಮಾತು ಕಟ್ಟಿಕೊಂಡು ಏನ್ ಮಾಡ್ತೀರ್ರಪ್ಪ.’ ಕೊಡುವಾಗ ಹೆಬ್ಬೆಟ್ಟಿಗೆ ಬುದ್ಧಿ ಇತ್ತು, ಕೇಳುವಾಗ ಬಾಯಿಗೆ ಹುಚ್ಚು.

ಕಾನೂನು ಏನು ಹೇಳುತ್ತೆ ಅನ್ನೋದನ್ನು ನಾನು ಪದವಿಗೆ ಬಂದ ಮೇಲೆ ಓದಿದೆ. 1872ರ ಕರಾರು ಕಾಯಿದೆಯ 12ನೇ ಕಲಂ: ಸಾಮಾನ್ಯವಾಗಿ ನೆಟ್ಟಗಿದ್ದು ಆಗೊಮ್ಮೆ ಈಗೊಮ್ಮೆ ಬುದ್ಧಿ ಕೆಡುವವನು, ಬುದ್ಧಿ ಕೆಟ್ಟ ಹೊತ್ತಿನಲ್ಲಿ ಕರಾರು ಮಾಡುವ ಹಾಗಿಲ್ಲ. ಸಾಮಾನ್ಯವಾಗಿ ಬುದ್ಧಿ ಕೆಟ್ಟಿದ್ದು ಆಗಾಗ ನೆಟ್ಟಗಾಗುವವನು, ನೆಟ್ಟಗಿದ್ದ ಹೊತ್ತಿನಲ್ಲಿ ಮಾಡಬಹುದು. ಅದೇ ವರ್ಷದ ಸಾಕ್ಷ್ಯ ಕಾಯಿದೆಯ 118ನೇ ಕಲಂ: ಹುಚ್ಚ ಅನ್ನೋ ಒಂದೇ ಕಾರಣಕ್ಕೆ ಸಾಕ್ಷಿಯನ್ನು ತಳ್ಳಿಹಾಕುವ ಹಾಗಿಲ್ಲ, ಕೇಳಿದ ಪ್ರಶ್ನೆ ಅರ್ಥವಾಗಿ ಉತ್ತರ ಕೊಡೋಕಾದರೆ ಅವನೂ ಸಾಕ್ಷಿಯೇ. 2024ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಕಾನೂನಿನಲ್ಲೂ ಈ ಮಾತಿದೆ. ಬಂದು ಹೋಗುವ ಕಾಯಿಲೆಯನ್ನು ಗೆಜ್ಜೆ ಕಟ್ಟಿದ ಹಾಗೆ ಇಷ್ಟು ಸ್ಪಷ್ಟವಾಗಿ 1872ರಲ್ಲೇ ಗುರುತಿಸಿದ್ದಾರೆ. ಇನ್ನು ಅದು ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯಾಗಿದ್ದರೆ 1978ರ ಕರ್ನಾಟಕದ ಪಿಟಿಸಿಎಲ್ ಕಾಯಿದೆ ಬೇರೆ ಇದೆ. ನಮ್ಮ ದೊಡ್ಡಪ್ಪನಿಗೆ ಇದ್ಯಾವುದನ್ನೂ ಹೇಳೋರಿರಲಿಲ್ಲ. ಹಳ್ಳಿ ಮೇಷ್ಟ್ರುಗಳಾದ ನೀವು ದಯವಿಟ್ಟು ಆ ಎರಡು ಕಲಂಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಮದುವೆಯ ಕಾನೂನು ಮಾತ್ರ ಉಲ್ಟಾ ನಡೆಯಿತು. 1955ರ ಹಿಂದೂ ವಿವಾಹ ಕಾಯಿದೆ, ಮದುವೆಯ ಹೊತ್ತಿನಲ್ಲಿ ಹುಚ್ಚಿರಬಾರದು ಅಂತಷ್ಟೇ ಹೇಳಿತ್ತು. 1976ರ ತಿದ್ದುಪಡಿ, ಮರುಕಳಿಸುವ ಹುಚ್ಚು ಅಥವಾ ಮೂರ್ಛೆರೋಗ ಇದ್ದವರಾಗಿರಬಾರದು ಅಂತ ಸೇರಿಸಿತು. 1999ರಲ್ಲಿ ಮೂರ್ಛೆರೋಗವನ್ನು ತೆಗೆದರು. ಮರುಕಳಿಸುವ ಹುಚ್ಚು ಹಾಗೇ ಉಳಿಯಿತು. ಇದರ ಫಲವನ್ನು ಹೆಚ್ಚಾಗಿ ಉಂಡವರು ಹೆಣ್ಣುಮಕ್ಕಳು. ಮುಚ್ಚಿಟ್ಟು ಮದುವೆ ಮಾಡ್ತಾರೆ, ಹೇಳಿದರೆ ಮದುವೆ ಇಲ್ಲ. ಮಾತ್ರೆಯನ್ನು ತವರಲ್ಲೇ ಬಿಟ್ಟು ಹೋಗು ಅಂತಾರೆ. ಮಾತ್ರೆ ನಿಂತ ಮೇಲೆ ಕಾಯಿಲೆ ಮರಳುತ್ತೆ, ಆಗ ‘ಮೋಸ ಮಾಡಿ ಕಟ್ಟಿದರು’ ಅಂತ ಗಂಡ ಕೋರ್ಟಿಗೆ ಹೋಗ್ತಾನೆ. ಕಾಯಿಲೆಯ ಹೆಸರೊಂದೇ ಸಾಲದು, ಒಟ್ಟಿಗೆ ಬಾಳೋಕೇ ಆಗದಷ್ಟು ತೀವ್ರವಾಗಿದೆಯೇ ಅನ್ನೋದನ್ನು ತೋರಿಸಬೇಕು ಅಂತ 1988ರಲ್ಲಿ ಸುಪ್ರೀಂ ಕೋರ್ಟು ಒಂದು ವಿಚ್ಛೇದನದ ಮೊಕದ್ದಮೆಯಲ್ಲಿ ಹೇಳಿದೆ. ಕೋರ್ಟಿನವರೆಗೆ ಹೋಗುವ ಶಕ್ತಿ ಇದ್ದವಳಿಗೆ ಅದು ಆಸರೆ.

ಹೆಣ್ಣುಮಕ್ಕಳ ಮಾತು ಬಂದಾಗ ಇನ್ನೊಂದು ಕಾಯಿಲೆ ಹೇಳಲೇಬೇಕು. ಬಾರ್ಡರ್‌ಲೈನ್ ಅಂತಾರೆ. ಹುಚ್ಚಿಗೂ ನ್ಯೂರೋಸಿಸ್ ಅನ್ನೋ ಸೌಮ್ಯ ಮನೋರೋಗಕ್ಕೂ ನಡುವಿನ ಗಡಿಯಲ್ಲಿರೋರು ಅಂತ 1938ರಲ್ಲಿ ಅಮೆರಿಕದ ಸ್ಟರ್ನ್ ಎಂಬ ವೈದ್ಯ ಬಳಸಿದ ಹೆಸರು. ಗಂಡಸರಿಗೂ ಬರುತ್ತೆ. ಇವರಿಗೆ ಪ್ರೀತಿಸಿದವರು ಬಿಟ್ಟುಹೋಗ್ತಾರೆ ಅನ್ನೋ ಭಯ ಬೆಂಕಿಯ ಹಾಗೆ. ಗಳಿಗೆಗೊಂದು ಮನಸ್ಸು, ಕೈ ಕೊಯ್ದುಕೊಳ್ಳೋದು, ಸಾಯೋಕೆ ಹೋಗೋದು. ಬಾಲ್ಯದಲ್ಲಿ ಹೊಡೆತ ತಿಂದವರು, ಮೈಮೇಲೆ ಕೈ ಹಾಕಿಸಿಕೊಂಡವರು ಇವರಲ್ಲಿ ಬಹಳ. ಊರು ಇದಕ್ಕೆ ಒಂದೇ ಪದ ಇಟ್ಟಿದೆ: ನಾಟಕ. ಡಾಕ್ಟರುಗಳೂ ಕಡಿಮೆ ಇಲ್ಲ. 1988ರಲ್ಲಿ ಇಂಗ್ಲೆಂಡಿನ ಲೂಯಿಸ್ ಮತ್ತು ಆಪಲ್‌ಬಿ ಮನೋವೈದ್ಯರಿಗೆ ಒಂದೇ ರೋಗಿಯ ಕತೆಯನ್ನು ಕೊಟ್ಟು, ಕೆಲವರ ಕಾಗದದಲ್ಲಿ ಮಾತ್ರ ‘ಹಿಂದೆ ವ್ಯಕ್ತಿತ್ವದ ದೋಷ ಅಂತ ಹೇಳಲಾಗಿತ್ತು’ ಅಂತ ಸೇರಿಸಿದರು. ಆ ಕಾಗದ ಓದಿದ ವೈದ್ಯರು, ಇವರು ಕಿರಿಕಿರಿ, ಗಮನ ಸೆಳೆಯೋರು, ಆರೈಕೆಗೆ ಅಷ್ಟು ಅರ್ಹರಲ್ಲ ಅನ್ನೋ ಕಡೆ ವಾಲಿದರು. ಓದಿದವರ ಜಾತಿ ಬೇರೆ, ಬುದ್ಧಿ ನಮ್ಮೂರ ಕಟ್ಟೆಯದೇ. ಈ ಕಾಯಿಲೆಗೆ ಮಾತಿನ ಚಿಕಿತ್ಸೆಯೊಂದನ್ನು ಕಟ್ಟಿದವರು ಮಾರ್ಷಾ ಲಿನೆಹನ್. ತಾನೂ ಹದಿಹರೆಯದಲ್ಲಿ ಆಸ್ಪತ್ರೆಯ ಕೋಣೆಯಲ್ಲಿ ಬಂದಿಯಾಗಿದ್ದವಳು ಅಂತ ಆ ಪ್ರೊಫೆಸರಮ್ಮ ಬಹಿರಂಗವಾಗಿ ಹೇಳಿದ್ದು 2011ರಲ್ಲಿ, ವಯಸ್ಸು ಅರವತ್ತು ದಾಟಿದ ಮೇಲೆ. ಅಷ್ಟು ದೊಡ್ಡ ಹೆಸರಿಗೇ ಅಷ್ಟು ವರ್ಷ ಬೇಕಾಯ್ತು. ನಮ್ಮಲ್ಲಿ ವಿಷ ಕುಡಿದು ಬದುಕಿದವಳ ಮೇಲೆ ಪೊಲೀಸರು 309ನೇ ಕಲಂ ಹಾಕ್ತಿದ್ದರು. 2017ರ ಮಾನಸಿಕ ಆರೋಗ್ಯ ಕಾಯಿದೆ, ಅಂಥವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು, ಶಿಕ್ಷಿಸಬಾರದು ಅಂದಿತು. 2024ರಲ್ಲಿ ಬಂದ ನ್ಯಾಯ ಸಂಹಿತೆಯಲ್ಲಿ ಆ ಕಲಂ ಇಲ್ಲ.

2001ರ ಆಗಸ್ಟ್ 6ರ ಬೆಳಗಿನ ಜಾವ, ತಮಿಳುನಾಡಿನ ಎರ್ವಾಡಿಯಲ್ಲಿ ದರ್ಗಾದ ಆಸುಪಾಸಿನ ಖಾಸಗಿ ಗುಡಿಸಲಿಗೆ ಬೆಂಕಿ ಬಿತ್ತು. ಒಳಗಿದ್ದವರ ಕಾಲಿಗೆ ಸರಪಳಿ. 28 ಜನ ಸತ್ತರು. ದೇವರ ಹತ್ತಿರ ಬಿಟ್ಟ ಮನೆಯವರನ್ನು ಬೈಯೋದು ಸುಲಭ. ಅವರ ಊರಿನಿಂದ ಮನೋವೈದ್ಯರಿರುವ ಆಸ್ಪತ್ರೆ ಎಷ್ಟು ದೂರ ಅಂತ ಕೇಳೋದು ಕಷ್ಟ. 2017ರ ಕಾಯಿದೆ ಸರಪಳಿಯನ್ನು ಯಾವ ರೂಪದಲ್ಲೂ ನಿಷೇಧಿಸಿದೆ. ಅದರಲ್ಲಿ ನನಗೆ ಇಷ್ಟವಾದದ್ದು ಇನ್ನೊಂದು ಮಾತು: ಸಮಾಜದ ನೀತಿಗೆ, ನಂಬಿಕೆಗೆ ಹೊಂದಿಕೊಳ್ಳಲಿಲ್ಲ ಅನ್ನೋ ಕಾರಣಕ್ಕೆ ಯಾರನ್ನೂ ಮಾನಸಿಕ ರೋಗಿ ಅನ್ನುವ ಹಾಗಿಲ್ಲ. ಜಾತಿ ಬಿಟ್ಟು ಮದುವೆಯಾದವಳಿಗೆ ‘ತಲೆ ಕೆಟ್ಟಿದೆ’ ಅನ್ನೋ ಮನೆಯವರಿಗೆ ಇದನ್ನು ಓದಿ ಹೇಳಬೇಕು.

ದಾರಿ ಇಲ್ಲ ಅಂತಲ್ಲ. ನಿಮ್ಹಾನ್ಸ್‌ನವರೇ ಬೆಂಗಳೂರು ಬಿಟ್ಟು ಮೊದಲು ಸಕಲವಾರದಲ್ಲಿ, ಆಮೇಲೆ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಮನೆಮನೆಗೆ ಹೋಗುವ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾತ್ರೆಯನ್ನು ಹಳ್ಳಿಗೇ ತಲುಪಿಸಬಹುದು ಅಂತ ಮಾಡಿ ತೋರಿಸಿದರು. 1996ರಿಂದ ದೇಶಕ್ಕೆಲ್ಲ ಹರಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. 2022ರಿಂದ 14416 ಅನ್ನೋ ಫೋನ್ ನಂಬರಿದೆ, ದುಡ್ಡಿಲ್ಲದೆ ಮಾತಾಡಬಹುದು, ಕನ್ನಡದಲ್ಲೇ. ಆದರೂ 2015-16ರ ರಾಷ್ಟ್ರೀಯ ಸಮೀಕ್ಷೆ ಕಂಡದ್ದು, ಬೈಪೋಲಾರ್ ಇರುವ 100 ಜನರಲ್ಲಿ ಸುಮಾರು 70 ಜನಕ್ಕೆ ಚಿಕಿತ್ಸೆಯೇ ಇಲ್ಲ.

ಮಾತ್ರೆಯ ಕತೆಯನ್ನೂ ತಿಳಿದಿರಿ. ಲಿಥಿಯಂ ಅನ್ನೋದು ಒಂಥರಾ ಉಪ್ಪು. ಈ ಕಾಯಿಲೆಯಲ್ಲಿ ಅದು ಕೆಲಸ ಮಾಡುತ್ತೆ ಅಂತ 1949ರಲ್ಲಿ ಆಸ್ಟ್ರೇಲಿಯಾದ ಕೇಡ್ ತೋರಿಸಿದ. ಅಗ್ಗದ ಮದ್ದು, ಒಳ್ಳೇ ಮದ್ದು. ಆದರೆ ರಕ್ತದಲ್ಲಿ ಅದರ ಮಟ್ಟ ಕಡಿಮೆಯಾದರೆ ಉಪಯೋಗವಿಲ್ಲ, ಸ್ವಲ್ಪ ಹೆಚ್ಚಾದರೆ ವಿಷ. ಕೈ ಜೋರಾಗಿ ನಡುಗುತ್ತೆ, ವಾಂತಿ, ತೊದಲು. ಬಿಸಿಲಲ್ಲಿ ಬೆವರು ಸುರಿಸಿ ನೀರು ಕುಡಿಯದಿದ್ದರೆ, ಭೇದಿಯಾದರೆ, ಮಟ್ಟ ಏರುತ್ತೆ. ಅಂದರೆ ಫ್ಯಾನಿನ ಕೆಳಗೆ ಕೂತವನಿಗಿಂತ ಕಬ್ಬು ಕಡಿಯೋನಿಗೆ ಅಪಾಯ ಜಾಸ್ತಿ. ಅದಕ್ಕೇ ಆಗಾಗ ರಕ್ತ ಪರೀಕ್ಷೆ ಆಗಬೇಕು. ನಮ್ಮ ತಾಲೂಕಿನಲ್ಲಿ ಆ ಪರೀಕ್ಷೆ ಇಲ್ಲ. ಜಿಲ್ಲೆಗೆ ಹೋಗಬೇಕು, ಒಂದು ದಿನದ ಕೂಲಿ, ಹೋಗಿ ಬರುವ ಬಸ್ ಚಾರ್ಜು, ಜೊತೆಗೆ ಬಂದವರದ್ದೂ ಒಂದು ದಿನದ ಕೂಲಿ.